ಜರಡಿ ತೆಗೆದ ಮೇಲೆ

ಆ ನಡುಕ ನನ್ನದೆಂದು ತೀರ್ಪಾದಾಗ ಊಟದ ಡಬ್ಬಿಗಳು ಇನ್ನೂ ಮೇಜಿನ ಮೇಲೇ ಇದ್ದವು. ನನ್ನದೆಂದರೆ ನನ್ನ ಮೈಯದಲ್ಲ, ನನ್ನ ಜಾಲದ್ದು.

"ನೋಡೋ ಇಲ್ಲಿ," ಎಂದು ಸ್ಪ್ಯಾನರ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಹರಿಯುತ್ತಿತ್ತು. ನೆಟ್ಟಗೆ ಹೋಗಬೇಕಾದದ್ದು ಗರಗಸದ ಹಲ್ಲಿನ ಹಾಗೆ ಸಣ್ಣಗೆ ಏರಿಳಿಯುತ್ತಿತ್ತು. "ಡಾಕ್ಟರು ಕೈಯನ್ನ ಒಂದೇ ಕಡೆ ಇಟ್ಕೊಂಡು ಕೂತಿದ್ರು. ತೋಳು ಮಾತ್ರ ಕುಣೀತಿದೆ. ನಿನ್ನ ಜಾಲದ ಕೆಲಸವೇ ಇದು."

"ನನ್ನ ಜಾಲ ತಡ ಮಾಡುತ್ತೆ, ಒಪ್ತೀನಿ. ಕುಣಿಯೋದಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಆ ಗಾದೇಲಿ ಕುಣಿಯೋಳು ನೀನು ಕಣೆ. ನೆಲ ನಾನು."

ನಮ್ಮ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರು ಬೆರಳಿಗಂಟಿದ ಅನ್ನದಗುಳು ಒರೆಸಿಕೊಳ್ಳುತ್ತಾ ನಕ್ಕರು. ನಗು ಮುಗಿದ ಮೇಲೆ, "ನೆಲಾನೇ ಸರಿಮಾಡು, ಪ್ಯಾಕೆಟ್," ಎಂದರು. ಅಲ್ಲಿಗೆ ತೀರ್ಪಾಯಿತು.

ನಮ್ಮ ಸಂಶೋಧನೆಯನ್ನು ನಾನು ಅಮ್ಮನಿಗೆ ವಿವರಿಸಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ಇಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ಕಪ್ಪು ಹಿಡಿಕೆ. ಸ್ಕ್ಯಾನಿಂಗ್ ಡಾಕ್ಟರು ಅದನ್ನು ಹಿಡಿದು ಆಡಿಸುತ್ತಾರೆ. ಎಲ್ಲೋ ದೂರದಲ್ಲಿ, ಸ್ಕ್ಯಾನ್ ಮಾಡಬಲ್ಲವರು ಯಾರೂ ಇಲ್ಲದ ಊರಿನಲ್ಲಿ, ಯಂತ್ರದ ತೋಳೊಂದು ನಿಜವಾದ ಪ್ರೋಬನ್ನು ಹಿಡಿದು ರೋಗಿಯ ಮೈಮೇಲೆ ಅದೇ ರೀತಿ ಆಡುತ್ತದೆ. ಒಳಗಿನ ಚಿತ್ರ ಇಲ್ಲಿಯ ಪರದೆಗೆ ಬರುತ್ತದೆ. ಚಿತ್ರವಷ್ಟೇ ಅಲ್ಲ, ಅಲ್ಲಿಯ ಮೈ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎನ್ನುವುದೂ ಹಿಡಿಕೆಯೊಳಗಿಂದ ಡಾಕ್ಟರ ಅಂಗೈಗೆ ತಾಕುತ್ತದೆ.

"ಅಂದ್ರೆ ಕೈ ಉದ್ದ ಮಾಡೋ ಯಂತ್ರ," ಎಂದಿದ್ದಳು ಅಮ್ಮ. "ಕಳ್ಳರ ಕಣ್ಣಿಗೆ ಬೀಳದೆ ಇದ್ರೆ ಸಾಕು."

ತೋಳನ್ನೂ ಹಿಡಿಕೆಯನ್ನೂ ಕಟ್ಟಿದವಳು ಸ್ಪ್ಯಾನರ್, ಮೆಕ್ಯಾನಿಕಲ್ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಎರಡು ತುದಿಗಳ ನಡುವಿನ ದಾರಿ ನನ್ನದು. ಜಾಲದಲ್ಲಿ ಮಾಹಿತಿ ಹೋಗುವುದು ಸಣ್ಣ ಸಣ್ಣ ಪೊಟ್ಟಣಗಳಾಗಿ, ಅವುಗಳ ಹಿಂದೆ ಓಡುವವನಾದ್ದರಿಂದ ನಾನು ಪ್ಯಾಕೆಟ್. ಹಿಡಿಕೆ ಹಿಡಿಯುವವರು ದೊಡ್ಡ ಡಾಕ್ಟರು. ನಮ್ಮ ಆವರಣಕ್ಕೆ ಅಂಟಿಕೊಂಡ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಕಲಿತ ಅರ್ಧಕ್ಕರ್ಧ ಮಂದಿ ಕಲಿತದ್ದು ಅವರಿಂದ. ಅವರು ಸ್ಪ್ಯಾನರಳ ಸೋದರತ್ತೆ ಕೂಡ. ಪ್ರಯೋಗಾಲಯದಲ್ಲಿ ಅವಳು 'ಡಾಕ್ಟರ್', 'ನೀವು' ಎಂದೇ ಮಾತಾಡುತ್ತಿದ್ದಳು. ಹೊರಗೆ ಕಾರಿನ ಬಾಗಿಲು ಮುಚ್ಚಿದ ಕೂಡಲೇ, "ಅತ್ತೆ, ಹಸಿವು, ಎಲ್ಲಾದ್ರೂ ನಿಲ್ಲಿಸು," ಎನ್ನುವುದು ನಮಗೆ ಕಿಟಕಿಯಿಂದ ಕೇಳಿಸುತ್ತಿತ್ತು.

ಮೂರು ವಿಭಾಗಕ್ಕೆ ಒಂದೇ ಕೋಣೆ. ಹಿಂದೆ ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದ ಜಾಗ. ಪಕ್ಕದ ಚಿಕ್ಕ ಕೋಣೆಯಲ್ಲಿ ತೋಳನ್ನು ನಿಲ್ಲಿಸಿ, ಅದರ ಕೆಳಗೆ ತೊಡೆಯಷ್ಟು ದಪ್ಪದ ಜೆಲ್ಲಿ ಗಟ್ಟಿಯೊಂದನ್ನು ಮಲಗಿಸಿದ್ದೆವು. ಅದೇ ನಮ್ಮ ರೋಗಿ. ಕೋಣೆ ಒಂದೇ ಆದರೂ ಗಡಿಗಳಿದ್ದವು. ಹಿಡಿಕೆಯೊಳಗಿನ ಲೆಕ್ಕವೆಲ್ಲ ಸ್ಪ್ಯಾನರಳ ಕಂಪ್ಯೂಟರಿನದು. ಅಲ್ಲಿಂದ ಹೊರಬಿದ್ದ ಮೇಲಷ್ಟೇ ನನ್ನದು. ಪರದೆಯಲ್ಲಿ ಕಂಡದ್ದರ ಅರ್ಥ ಡಾಕ್ಟರದು. ಇನ್ನೊಬ್ಬರ ಪಾಲಿಗೆ ಕೈಹಾಕುವುದು ಇನ್ನೊಬ್ಬರ ಡಬ್ಬಿಯಿಂದ ಕೇಳದೆ ತಿಂದಷ್ಟೇ ಅಸಭ್ಯ. ಅದರ ಮೇಲೆ ನನ್ನ ವಿದ್ಯೆಯ ಸ್ವಭಾವ ಬೇರೆ. ಪೊಟ್ಟಣ ಹೊರಟಿತೇ, ತಲುಪಿತೇ, ಎಷ್ಟು ತಡವಾಯಿತು, ಇಷ್ಟು ನೋಡುವುದು ನಮ್ಮ ಧರ್ಮ. ಒಳಗೇನಿದೆ ಎಂದು ಬಿಚ್ಚಿ ನೋಡುವುದು ಅಂಚೆಯವನು ಕಾಗದ ಓದಿದ ಹಾಗೆ.

ಹಾಗಾಗಿ ನಾನು ನಡುಕವನ್ನು ದಾರಿಯಲ್ಲಿ ಹುಡುಕಿದೆ. ಕೇಬಲ್ಲುಗಳನ್ನು ಬದಲಿಸಿದೆ. ಗೋಡೆಯೊಳಗಿನ ತಂತಿಯನ್ನು ಹಿಡಿದು ಮೆಟ್ಟಿಲ ಕೆಳಗಿನ ಧೂಳಿನ ಕಪಾಟಿನವರೆಗೆ ತೆವಳಿದೆ. ಅದರ ಅಲೆಗಳೇ ಅಡ್ಡ ಬರುತ್ತಿವೆಯೆಂದು ಕ್ಯಾಂಟೀನಿನ ಮೈಕ್ರೋವೇವ್ ಮೇಲೆ ಅನುಮಾನಪಟ್ಟು, ಅಲ್ಲಿನ ಅಡುಗೆಯವರ ಕೈಯಲ್ಲಿ ಬೈಸಿಕೊಂಡೆ. ಪೊಟ್ಟಣಗಳು ಸಾಲಾಗಿ, ಶಿಸ್ತಾಗಿ, ಶಾಲಾ ಮಕ್ಕಳ ಹಾಗೆ ಹೋಗುತ್ತಿದ್ದವು. ಗೆರೆ ಮಾತ್ರ ನಡುಗುತ್ತಲೇ ಇತ್ತು.

ಒಂದು ಸಂಜೆ ಹೊರಬಾಗಿಲ ರೌಟರಿನಲ್ಲಿ ನಮ್ಮ ಪೊಟ್ಟಣಗಳಿಗೆ ಎಲ್ಲರಿಗಿಂತ ಮುಂಚೆ ದಾರಿ ಬಿಡುವಂತೆ ಏರ್ಪಾಡು ಮಾಡಿ ಮನೆಗೆ ಹೋದೆ. ಮರುದಿನ ಬಂದು ನೋಡಿದರೆ ಗೆರೆ ನೆಟ್ಟಗಾಗಿದೆ. ಗಾಳಿಯಿಲ್ಲದ ಕೆರೆಯ ಹಾಗೆ.

ಮೇಷ್ಟ್ರು ನನ್ನ ಬೆನ್ನು ತಟ್ಟಿದ ಸದ್ದು ಪಕ್ಕದ ಕೋಣೆಗೆ ಕೇಳಿಸಿರಬೇಕು. 'ಜಾಲದಿಂದ ಉಂಟಾಗುತ್ತಿದ್ದ ಕಂಪನವನ್ನು ಹೊಸ ಆದ್ಯತಾ ಕ್ರಮದಿಂದ ನಿವಾರಿಸಲಾಯಿತು' ಎಂದು ಪ್ರಬಂಧದ ಕರಡಿನಲ್ಲಿ ಸೇರಿಸಿದರು. ಏಕೆ ಸರಿಹೋಯಿತು ಎನ್ನುವುದು ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಬಂದ ಹೊಗಳಿಕೆಯನ್ನು ವಾಪಸು ಕಳಿಸುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ಸ್ಪ್ಯಾನರ್ ಕೂಡ, "ಅಂತೂ ನೆಲ ನೆಟ್ಟಗಾಯ್ತಲ್ಲ," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಎಲ್ಲರಿಗಿಂತ ಹಿಗ್ಗಿದವರು ದೊಡ್ಡ ಡಾಕ್ಟರು. ಪರೀಕ್ಷೆ ಮುಗಿದರೂ ಅವರು ಹಿಡಿಕೆ ಬಿಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು, ಬಾಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಾ, ಜೆಲ್ಲಿಯೊಳಗೆ ನಾವು ಹುದುಗಿಸಿದ್ದ ರಬ್ಬರ್ ಕೊಳವೆಗಳನ್ನು ಬೆನ್ನಟ್ಟುತ್ತಿದ್ದರು. ಒಮ್ಮೆ ಚಹಾದ ಹೊತ್ತಿಗೆ, ಅರ್ಧಕ್ಕಷ್ಟೇ ತುಂಬಿಸಿಕೊಂಡ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಪಕ್ಕ ಕೂತರು.

"ಆಸ್ಪತ್ರೇಲಿ ನನಗೀಗ ರಿಪೋರ್ಟ್ ಬರೆಯೋ ಕೆಲಸ ಮಾತ್ರ ಕಣೋ, ಪ್ಯಾಕೆಟ್. ಬೇರೆಯವರು ಪ್ರೋಬ್ ಹಿಡೀತಾರೆ, ನಾನು ಚಿತ್ರ ನೋಡಿ ಹೇಳ್ತೀನಿ. ಇನ್ನೊಬ್ಬರು ಅಗಿದ ತುತ್ತು ನುಂಗಿದ ಹಾಗೆ. ಇಲ್ಲಿ ಮಾತ್ರ ನನ್ನ ಕೈ ಇನ್ನೂ ಕೈ ಆಗಿದೆ."

"ಅಲ್ಲೂ ಹಿಡೀಬಹುದಲ್ಲ ಡಾಕ್ಟರ್, ಯಾರು ಬೇಡ ಅಂತಾರೆ?"

"ಯಾರೂ ಅನ್ನಲ್ಲ. ಅದೇ ತೊಂದರೆ." ಚಹಾ ಗುಟುಕರಿಸಿದರು. "ಇದೂ ತಪ್ಪಿದ್ರೆ ಮನೇಲಿ ಕೂತು ಟೀವಿ ರಿಮೋಟ್ ಹಿಡೀಬೇಕು ಅಷ್ಟೇ."

ಅರ್ಧ ಲೋಟ, ಎರಡು ಕೈ. ಕಣ್ಣೆದುರಿಗೇ ಇತ್ತು. ಲೋಟ ನನ್ನ ಪಾಲಿಗೆ ಬರುವ ವಸ್ತುವಲ್ಲವಾದ್ದರಿಂದ ನಾನು ಅದರ ಬಗ್ಗೆ ಯೋಚಿಸಲಿಲ್ಲ.

ನಿಜವಾದ ರೋಗಿಯ ಮೇಲೆ ಪ್ರಯೋಗಕ್ಕೆ ಒಪ್ಪಿಗೆ ಬಂತು. ಅದಕ್ಕೆ ಮುಂಚೆ ಆಸ್ಪತ್ರೆಯ ಮುಖ್ಯಸ್ಥರು ನಮ್ಮ ಕೋಣೆಗೆ ಬಂದು ಎಲ್ಲವನ್ನೂ ನೋಡಿ, ಹೋಗುವಾಗ ಬಾಗಿಲ ಬಳಿ ಮೇಷ್ಟ್ರಿಗೆ, "ಹಿಡಿಕೆಗೆ ಯಾರಾದರೂ ಚಿಕ್ಕ ವಯಸ್ಸಿನವರನ್ನ ಕೂರಿಸಬಹುದಲ್ವಾ?" ಎಂದರು. ಮೆಲ್ಲಗೆ ಹೇಳಿದೆನೆಂದು ಅವರ ಭಾವನೆ.

"ಕೂರಿಸಿ," ಎಂದು ಒಳಗಿನಿಂದ ದೊಡ್ಡ ಡಾಕ್ಟರ ದನಿ ಬಂತು. "ನಾನು ಎದ್ದ ಮೇಲೆ."

ಮುಖ್ಯಸ್ಥರೂ ಒಂದು ಕಾಲಕ್ಕೆ ಅವರ ವಿದ್ಯಾರ್ಥಿ. ಕೆಮ್ಮಿ, ಹೊರಟುಹೋದರು.

ತೋಳನ್ನು ಹಡಗಿನಲ್ಲಿ ಒಂದು ದ್ವೀಪಕ್ಕೆ ಕಳಿಸಿದೆವು. ಅಲ್ಲಿ ಒಂದು ಸಣ್ಣ ಆಸ್ಪತ್ರೆ, ಅದಕ್ಕೆ ಒಬ್ಬರೇ ಡಾಕ್ಟರು. ಹೆರಿಗೆಯಿಂದ ಹಿಡಿದು ಹಲ್ಲು ಕೀಳುವವರೆಗೆ ಎಲ್ಲ ಮಾಡುತ್ತಿದ್ದರು, ಸ್ಕ್ಯಾನ್ ಒಂದನ್ನು ಬಿಟ್ಟು. ತೋಳು ಅಲ್ಲಿಗೆ ತಲುಪಿ, ಸಮುದ್ರದ ತಳದ ತಂತಿಯ ಮೂಲಕ ನನ್ನ ಪೊಟ್ಟಣಗಳು ಓಡಾಡತೊಡಗಿದವು. ಮೊದಲ ರೋಗಿಗಾಗಿ ಹೆಚ್ಚು ಕಾಯಬೇಕಾಗಲಿಲ್ಲ. ದೋಣಿಗಳ ಎಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬನ ತೊಡೆಯಲ್ಲಿ ಬಾವು ಎದ್ದು, ಅವನು ಕಾಲೂರಲಾರದೆ ಬಂದಿದ್ದ.

ಅಂದು ಬೆಳಗ್ಗೆ ನಮ್ಮ ಕೋಣೆ ತುಂಬಿತ್ತು. ಮುಖ್ಯಸ್ಥರು ಗೋಡೆಗೆ ಒರಗಿ ನಿಂತಿದ್ದರು. ಮೇಷ್ಟ್ರು ಅತ್ತಿಂದಿತ್ತ ಓಡಾಡುತ್ತಿದ್ದರು. ಒಂದು ಪರದೆಯಲ್ಲಿ ದ್ವೀಪದ ಕೋಣೆ ಕಾಣುತ್ತಿತ್ತು: ಮಂಚ, ಮಂಚದ ಮೇಲೆ ಮೆಕ್ಯಾನಿಕ್, ಅವನ ತೊಡೆಯ ಮೇಲೆ ಬಾಗಿದ ನಮ್ಮ ತೋಳು. ತೋಳು ಇಳಿಯುತ್ತಿದ್ದಂತೆ ಅವನು ಅದರ ಕೀಲುಗಳನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಡಾಕ್ಟ್ರೇ, ಇದಕ್ಕೆ ಗ್ರೀಸ್ ಹಾಕಿದೀರೋ ಇಲ್ವೋ?"

"ಹಾಕಿದೀವಪ್ಪ," ಎಂದಳು ಸ್ಪ್ಯಾನರ್ ಮೈಕಿನಲ್ಲಿ. ಅವಳಿಗೆ ರೋಗಿಯ ಮೇಲೆ ತಟ್ಟನೆ ಗೌರವ ಮೂಡಿದ್ದು ಮುಖದಲ್ಲೇ ಕಂಡಿತು.

ದೊಡ್ಡ ಡಾಕ್ಟರು ಹಿಡಿಕೆಯನ್ನು ನಿಧಾನವಾಗಿ ಜಾರಿಸಿದರು. ಸಮುದ್ರದಾಚೆ ಪ್ರೋಬ್ ಜಾರಿತು. ಪರದೆಯಲ್ಲಿ ಬೂದು ಪದರಗಳು ಸರಿದವು: ಚರ್ಮ, ಕೊಬ್ಬು, ಸ್ನಾಯು, ಮಿಡಿಯುತ್ತಿದ್ದ ದೊಡ್ಡ ರಕ್ತನಾಳ. ಅದರ ಪಕ್ಕದಲ್ಲೇ ಒಂದು ಉಂಡೆ. ಡಾಕ್ಟರ ಸಿಳ್ಳೆ ನಿಂತಿತು.

"ಇದೆರಡರಲ್ಲಿ ಒಂದು," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಗಟ್ಟಿ ಗಡ್ಡೆ ಆಗಿದ್ರೆ ಅಲ್ಲಿ ಕತ್ತಿ ಸೋಕಿಸಬಾರದು. ಒಳಗಿರೋದು ಹರಡಿಬಿಡುತ್ತೆ. ದೊಡ್ಡಾಸ್ಪತ್ರೆಗೇ ತರಬೇಕು. ಕೀವಾಗಿದ್ರೆ ಇವತ್ತೇ ತೆಗೀಬೇಕು. ಬಿಟ್ರೆ ರಕ್ತಕ್ಕೆ ಇಳಿಯುತ್ತೆ."

"ಸಮುದ್ರ ಎದ್ದಿದೆ ಡಾಕ್ಟರ್," ಎಂದರು ದ್ವೀಪದ ಡಾಕ್ಟರು. "ದೋಣಿ ಯಾವತ್ತು ಬಿಡ್ತಾರೋ ಗೊತ್ತಿಲ್ಲ. ಕೀವು ಅಂದ್ರೆ ನಾನೇ ತೆಗೀತೀನಿ. ಕೀವೇ ಅಂತ ನೀವು ಹೇಳಬೇಕು."

"ಗಟ್ಟಿ ಕೀವು ಹೀಗೇ, ಗಡ್ಡೆ ಥರಾನೇ ಕಾಣುತ್ತೆ. ಕುಟುಕಿ ನೋಡ್ತೀನಿ. ಪಟಪಟ ಅಂತ ಕುಟುಕಿದ್ರೆ ಗಡ್ಡೆ ಇಡಿಯಾಗಿ ಜರುಗುತ್ತೆ. ಕೀವಾದ್ರೆ ಒಳಗೆ ಸುಳಿ ಏಳುತ್ತೆ."

ಅವರ ಮಣಿಕಟ್ಟು ಹಕ್ಕಿಯ ಕೊಕ್ಕಿನಂತೆ ಬೇಗ ಬೇಗ ಆಡಿತು. ಪರದೆಯಲ್ಲಿ ಏನೂ ಆಗಲಿಲ್ಲ. ತೋಳು ಧ್ಯಾನಕ್ಕೆ ಕೂತವರ ಹಾಗೆ ಇತ್ತು.

ಮತ್ತೆ ಕುಟುಕಿದರು. ಮತ್ತೆ ಇಲ್ಲ.

"ನಾನು ಕುಟುಕಿದೆ, ಅದು ಕುಟುಕಲಿಲ್ಲ." ಅವರು ನನ್ನ ಕಡೆ ತಿರುಗಿದರು. ಮೇಷ್ಟ್ರು ತಿರುಗಿದರು. ಮುಖ್ಯಸ್ಥರು ಕೂಡ. ಏನೇ ಕೆಟ್ಟರೂ ಎಲ್ಲರ ಕಣ್ಣು ಮೊದಲು ಜಾಲದವನ ಮೇಲೆ.

ನಾನು ನೋಡಿದೆ. ಹೊರಟ ಪೊಟ್ಟಣಗಳೆಲ್ಲ ತಲುಪಿದ್ದವು. ತಡವೂ ಎಂದಿನಷ್ಟೇ. "ನನ್ನ ದಾರೀಲಿ ಒಂದೂ ಬಿದ್ದಿಲ್ಲ," ಎಂದೆ. ಆಗ ಮೊದಲ ಸಲ, ಅಂಚೆಯವನ ಧರ್ಮ ಬಿಟ್ಟು, ಒಂದು ಪೊಟ್ಟಣವನ್ನು ಬಿಚ್ಚಿದೆ. ಆಮೇಲೆ ಇನ್ನೊಂದು. ಎಲ್ಲದರಲ್ಲೂ ಒಂದೇ ಮಾತು: ಕೈ ನಿಂತಲ್ಲೇ ಇದೆ. "ಕುಟುಕಿದ್ದು ಪೊಟ್ಟಣದೊಳಗೆ ಇಲ್ಲವೇ ಇಲ್ಲ ಸರ್. ನನ್ನ ಕೈಗೆ ಬರೋ ಮುಂಚೇನೇ ಯಾರೋ ತೆಗೆದಿದಾರೆ."

ಸ್ಪ್ಯಾನರ್ ತನ್ನ ಕುರ್ಚಿಯಿಂದ ಎದ್ದಳು. ಮುಖ ಸುಣ್ಣದ ಗೋಡೆಯಾಗಿತ್ತು.

"ನಾನು ಸರ್. ಪ್ಯಾಕೆಟ್ ರೌಟರ್ ಸರಿಮಾಡಿ ಹೋದ ರಾತ್ರೀನೇ ಹಿಡಿಕೆ ಪಕ್ಕದಲ್ಲೇ ಒಂದು ಜರಡಿ ಹಾಕಿದೀನಿ, ಪ್ರೋಗ್ರಾಮಿನಲ್ಲಿ. ನಿಧಾನದ ಚಲನೇನ ಬಿಡುತ್ತೆ. ಬೇಗ ಬೇಗ ಆಗೋದನ್ನ ನಡುಕ ಅಂತ ಹಿಡಿದು ನಿಲ್ಲಿಸುತ್ತೆ. ಕುಟುಕೋದೂ ಬೇಗಾನೇ ಅಲ್ವಾ. ಅದಕ್ಕೆ ಎರಡೂ ಒಂದೇ." ಜೆಲ್ಲಿಗೆ ಕೀವು ಆಗುವುದಿಲ್ಲ. ಅದನ್ನು ಯಾರೂ ಒಮ್ಮೆಯೂ ಕುಟುಕಿರಲಿಲ್ಲ.

"ಯಾವ ನಡುಕ?" ಎಂದರು ಮೇಷ್ಟ್ರು. "ಜಾಲದ ನಡುಕ ಪ್ಯಾಕೆಟ್ ಸರಿಮಾಡಿದ್ನಲ್ಲ?"

"ಜಾಲ ಯಾವತ್ತೂ ನಡುಗಿರಲಿಲ್ಲ ಸರ್."

ಕೋಣೆಯಲ್ಲಿದ್ದವರೆಲ್ಲ ಏಕಕಾಲಕ್ಕೆ ಅರ್ಥ ಮಾಡಿಕೊಂಡರು. ಏಕಕಾಲಕ್ಕೆ ಎಲ್ಲರೂ ಬೇರೆ ಏನನ್ನೋ ನೋಡತೊಡಗಿದರು. ಮೇಷ್ಟ್ರು ಕಿಟಕಿ ನೋಡಿದರು, ಮುಖ್ಯಸ್ಥರು ತಮ್ಮ ಬೂಟು ನೋಡಿಕೊಂಡರು. ನಾನು ನೋಡಬಾರದೆಂದುಕೊಂಡೇ ನೋಡಿದೆ. ದೊಡ್ಡ ಡಾಕ್ಟರು ಬಲಗೈಯನ್ನು ಹಿಡಿಕೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಎಡಗೈ ಅದರ ಮೇಲಿತ್ತು, ಅಳುವ ಮಗುವನ್ನು ಸುಮ್ಮನಾಗಿಸುವ ಹಾಗೆ.

ಮೊದಲು ಮಾತಾಡಿದವರು ಮೇಷ್ಟ್ರು. ಅವರ ದನಿ ಬಹಳ ಮೃದುವಾಗಿತ್ತು. "ಡಾಕ್ಟರ್, ಇವತ್ತಿಗೆ ಇಷ್ಟು ಸಾಕು. ಪ್ರೋಬನ್ನ ತೋಳಿಂದ ಬಿಚ್ಚಿ ಅಲ್ಲಿಯವರ ಕೈಗೇ ಕೊಡೋಣ, ನೀವು ಬಾಯಲ್ಲಿ ಹೇಳಿ. ಯಂತ್ರದ ವೇಗ ಸಾಲಲಿಲ್ಲ ಅಂತ ಬರೆದುಕೊಳ್ಳೋಣ. ಯಾರ ಮೇಲೂ ಏನೂ ಬರೋದಿಲ್ಲ."

ಅದು ಮರ್ಯಾದೆಯ ಬಾಗಿಲು. ತೆರೆದೇ ಇತ್ತು, ಎದ್ದು ಹೊರಗೆ ನಡೆದರಾಯಿತು. ಆಮೇಲೆ ಹಿಡಿಕೆಗೆ ಚಿಕ್ಕ ವಯಸ್ಸಿನವರು ಬರುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತಿತ್ತು, ಅವರಿಗೂ.

"ನೀವೇನಂತೀರಿ?" ದೊಡ್ಡ ಡಾಕ್ಟರು ಪರದೆಯಲ್ಲಿದ್ದ ದ್ವೀಪದ ಡಾಕ್ಟರನ್ನು ಕೇಳಿದರು.

ಆತ ತಲೆ ಕೆರೆದುಕೊಂಡರು. "ಕೊಟ್ರೆ ಹಿಡೀತೀನಿ ಡಾಕ್ಟರ್. ನನ್ನ ಕೈ ಗಟ್ಟಿ, ಆದ್ರೆ ಕುರುಡು. ರಕ್ತನಾಳದ ಪಕ್ಕದಲ್ಲೇ ಇದೆ ಅಂದ್ರಿ. ನೀವು ಬಲಕ್ಕೆ ಅನ್ನೋದು, ನಾನು ಯಾವ ಬಲ ಅನ್ನೋದು, ಹೀಗಾಗುತ್ತೆ."

"ನನ್ನ ಕಾಲಿನ ವಿಷ್ಯದಲ್ಲಿ," ಎಂದ ಮೆಕ್ಯಾನಿಕ್ ಮಲಗಿದಲ್ಲಿಂದಲೇ, "ಕಣ್ಣಿರೋ ಕೈನೇ ಇರಲಿ ಅಮ್ಮ. ನಡುಗಿದ್ರೂ ಪರವಾಗಿಲ್ಲ. ಹಳೇ ಎಂಜಿನ್ನು ನಡುಗುತ್ತೆ, ಆದ್ರೆ ದಡ ಸೇರಿಸುತ್ತೆ."

ಮೈಕು ಮೊದಲಿಂದಲೂ ತೆರೆದೇ ಇತ್ತು, ನಾವು ಆಡಿದ್ದೆಲ್ಲ ಅವನಿಗೂ ಕೇಳಿಸಿತ್ತು ಎಂದು ನಮಗೆ ಆಗ ಹೊಳೆಯಿತು.

ದೊಡ್ಡ ಡಾಕ್ಟರು ಅವನ ಮಾತಿಗೆ ನಗಲಿಲ್ಲ. ಬೈಯಲೂ ಇಲ್ಲ. ಸೊಸೆಯ ಕಡೆ ತಿರುಗಿ, "ಜರಡಿ ತೆಗಿ," ಎಂದರು.

"ಅತ್ತೆ, ಬೇಡ. ನೀನು..."

"ಡಾಕ್ಟರ್ ಅನ್ನು. ತೆಗಿ."

ಅವಳು ತೆಗೆದಳು. ನನ್ನ ಪರದೆಯಲ್ಲಿ ಹಸಿರು ಗೆರೆ ಒಮ್ಮೆಲೇ ಎದ್ದು ಹಲ್ಲು ತೋರಿಸಿತು. ಹಿಂದೆ ನಾನು ವಾರಗಟ್ಟಲೆ ಹುಡುಕಿದ್ದ ಗರಗಸ. ಡಾಕ್ಟರು ಹಿಡಿಕೆ ಹಿಡಿದರು, ಸಮುದ್ರದಾಚೆ ತೋಳು ಸಣ್ಣಗೆ ನಡುಗಿತು. ಎಷ್ಟೇ ಒತ್ತಿದರೂ ರೋಗಿಗೆ ನೋವಾಗದಂತೆ ಅದರೊಳಗೆ ತಡೆ ಇತ್ತು, ಆ ಭಯವಿರಲಿಲ್ಲ. ಆದರೆ ಚಿತ್ರ ಕದಡಿತು. ಮುಖ್ಯಸ್ಥರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ಕಚಗುಳಿ!" ಎಂದ ಮೆಕ್ಯಾನಿಕ್.

"ಸುಮ್ನಿರಯ್ಯ," ಎಂದರು ಡಾಕ್ಟರು. "ಕೂಸೇ, ಆ ಕುರ್ಚಿ ಮೇಲಿನ ದಿಂಬು ತಾ. ಪ್ಯಾಕೆಟ್, ಮೇಜನ್ನ ಇನ್ನೊಂದು ಗೇಣು ಈ ಕಡೆ ಎಳಿ. ಹೊಟ್ಟೆಗೆ ತಾಗಬೇಕು."

ದಿಂಬಿನ ಮೇಲೆ ಮೊಣಕೈ ಊರಿದರು. ಎಡಗೈಯಿಂದ ಬಲ ಮಣಿಕಟ್ಟನ್ನು ಕೆಳಗಿನಿಂದ ಹಿಡಿದರು. ಎಲ್ಲರೂ ನೋಡುವ ಹಾಗೆ, ಬಚ್ಚಿಡದೆ. ಉಸಿರನ್ನು ಪೂರ್ತಿ ಬಿಟ್ಟು, ಮತ್ತೆ ಎಳೆದುಕೊಳ್ಳದೆ ಕಾದರು. ಹಲ್ಲುಗಳು ಗಿಡ್ಡಗಾದವು. ಹೋಗಲಿಲ್ಲ, ಗಿಡ್ಡಗಾದವು. ಬೂದು ಉಂಡೆ ಪರದೆಯ ನಡುವೆ ನಿಂತಿತು. ಅಷ್ಟರಲ್ಲಿ ಕೈ ಕುಟುಕಿತು.

ಉಂಡೆಯೊಳಗೆ ಏನೋ ಹೊರಳಿತು. ನನಗೂ ಕಂಡಿತು, ಸ್ಕ್ಯಾನ್ ಎಂದರೆ ಮೋಡದ ಚಿತ್ರ ಎಂದುಕೊಂಡಿದ್ದ ನನಗೂ. ತಳದ ಕೆಸರನ್ನು ಕೋಲಿನಿಂದ ಕಲಕಿದ ಹಾಗೆ ಬೂದು ಚುಕ್ಕೆಗಳು ಎದ್ದು, ಸುತ್ತಿ, ನಿಧಾನವಾಗಿ ಇಳಿದವು. ಅವರು ಇನ್ನೊಮ್ಮೆ ಕುಟುಕಿದರು. ಮತ್ತೆ ಸುಳಿ.

"ಕೀವು," ಎಂದರು ದೊಡ್ಡ ಡಾಕ್ಟರು. "ಗಟ್ಟಿ ಇದೆ, ದಪ್ಪ ಸೂಜಿ ತಗೊಳ್ಳಿ. ನಾನು ಇಲ್ಲೇ ಹಿಡ್ಕೊಂಡಿರ್ತೀನಿ, ರಕ್ತನಾಳ ಎಡಗಡೆ, ನೀವು ಹೊರಗಿಂದ ಬನ್ನಿ."

ಸೂಜಿ ಒಂದು ಬಿಳಿ ಗೆರೆಯಾಗಿ ಚಿತ್ರದೊಳಗೆ ಬಂತು. ಗೆರೆ ನಡುಗುತ್ತಿತ್ತೋ, ಚಿತ್ರ ನಡುಗುತ್ತಿತ್ತೋ, ಯಾರಿಗೂ ಅದರ ಗೊಡವೆ ಇರಲಿಲ್ಲ. ಉಂಡೆ ಕುಗ್ಗಿತು. ದ್ವೀಪದ ಡಾಕ್ಟರು ಸಿರಿಂಜನ್ನು ಕ್ಯಾಮರಾಕ್ಕೆ ಎತ್ತಿ ತೋರಿಸಿದರು. ಅಂಥ ಹೊಲಸನ್ನು ನೋಡಿ ಒಂದು ಕೋಣೆ ತುಂಬ ಜನ ಚಪ್ಪಾಳೆ ತಟ್ಟಿದ್ದು ನಾನು ಕಂಡಂತೆ ಅದೊಂದೇ ಸಲ. ಮೊದಲು ತಟ್ಟಿದವರು ಮುಖ್ಯಸ್ಥರು.

ಚಪ್ಪಾಳೆ ನಿಂತ ಮೇಲೆ ಅತ್ತೆ ಸೊಸೆ ಹೊರಗಿನ ಮೊಗಸಾಲೆಗೆ ಹೋದರು. ಬಾಗಿಲು ಮುಚ್ಚಿಕೊಂಡರು. ಬಾಗಿಲು ತೆಳು ಹಲಗೆಯದು.

"ನನ್ನ ಮಾನ ಕಾಯೋಕೆ ನಿನ್ನ ಯಾರೇ ನೇಮಿಸಿದ್ದು?"

"ಮಾನ ಅಲ್ಲ ಅತ್ತೆ. ನೀನು ಆ ಹಿಡಿಕೆ ಹಿಡಿದಾಗ ಸಿಳ್ಳೆ ಹಾಕ್ತಿದ್ದೆ. ಎಷ್ಟೋ ದಿನ ಆಗಿತ್ತು ನಿನ್ನ ಸಿಳ್ಳೆ ಕೇಳಿ. ಅದು ನಿಂತುಹೋದ್ರೆ ಅಂತ..."

"ಅಂತ ಆ ಹುಡುಗನ ತಲೆ ಮೇಲೆ ಗೂಬೆ ಕೂರಿಸಿದೆ. ಅವನು ಪಾಪ, ಮೈಕ್ರೋವೇವ್ ಹತ್ರ ಜಗಳ ಆಡ್ಕೊಂಡು ಬಂದ."

"ಅವನಿಗೆ ಹೇಳ್ತೀನಿ."

"ಮೊದಲು ಅವನಿಗೆ ಹೇಳು. ನನ್ನ ಹತ್ರ ಅಳೋದು ಆಮೇಲೆ." ಮತ್ತೆ ಬೇರೆಯೇ ದನಿಯಲ್ಲಿ, "ಜರಡಿ ಚೆನ್ನಾಗಿ ಮಾಡಿದೀಯ ಕಣೆ. ನನಗೇ ಗೊತ್ತಾಗಲಿಲ್ಲ. ನನ್ನ ಕೈಯ ವಿಷ್ಯದಲ್ಲಿ ನನ್ನನ್ನೇ ಏಮಾರಿಸೋದು ಅಂದ್ರೆ ಸುಮ್ನೆ ಅಲ್ಲ. ಆದ್ರೆ ಅದರ ಬೀಗದಕೈ ನನ್ನ ಹತ್ರ ಇರಬೇಕು, ನಿನ್ನ ಹತ್ರ ಅಲ್ಲ."

ಸ್ಪ್ಯಾನರ್ ಒಳಗೆ ಬಂದು ನನ್ನ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು. "ನೆಲ ಡೊಂಕಿರಲಿಲ್ಲ ಕಣೋ," ಎಂದಳು.

"ಗೊತ್ತಾಯ್ತು," ಎಂದೆ. ಸಿಟ್ಟು ತೋರಿಸಬೇಕೆಂದಿದ್ದೆ. ಆದರೆ ಪರದೆಯಲ್ಲಿ ಆ ಸುಳಿ ನೋಡಿದ ಮೇಲೆ ಸಿಟ್ಟಿಗೆ ಜಾಗ ಹುಡುಕುವುದು ಕಷ್ಟವಾಗಿತ್ತು. ಆ ಸುಳಿ ನನ್ನ ದಾರಿಯಲ್ಲೇ ಬಂದಿತ್ತಲ್ಲ.

ಸ್ಪ್ಯಾನರ್ ಮೇಜಿನ ಕೆಳಗೆ ಹೊಲಿಗೆ ಯಂತ್ರದಂಥ ಒಂದು ಪೆಡಲ್ ಕೂರಿಸಿದಳು. ಒತ್ತಿದರೆ ಜರಡಿ, ಬಿಟ್ಟರೆ ಇಲ್ಲ. ಯಾವಾಗ ನಯ ಬೇಕು, ಯಾವಾಗ ಕುಟುಕಬೇಕು ಎನ್ನುವುದು ಈಗ ಹಿಡಿಕೆ ಹಿಡಿದವರ ಪಾದಕ್ಕೆ ಬಿಟ್ಟದ್ದು. ಪ್ರಬಂಧದಿಂದ ನನ್ನನ್ನು ಹೊಗಳಿದ ವಾಕ್ಯ ಹೋಯಿತು. ಅದರ ಜಾಗಕ್ಕೆ 'ಜಾಲದಿಂದ ಯಾವ ಕಂಪನವೂ ಉಂಟಾಗಲಿಲ್ಲ' ಎಂದು ಬಂತು. ಅಮ್ಮನಿಗೆ ಓದಿ ಹೇಳಿದೆ. "ಏನೂ ಆಗಲಿಲ್ಲ ಅಂತ ಬರೆದಿದಾರಲ್ಲೋ, ಅದರಲ್ಲಿ ನೀನು ಮಾಡಿದ್ದೇನು?" ಎಂದಳು. ಏನೂ ಆಗದ ಹಾಗೆ ನೋಡಿಕೊಂಡದ್ದು ಎಂದೆ. ಅವಳು ಅದನ್ನೇ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಳು.

ಪ್ರಬಂಧದಲ್ಲಿ ದೊಡ್ಡ ಡಾಕ್ಟರ ಕೈಯ ಗೆರೆಯನ್ನು ಚಿತ್ರವಾಗಿ ಹಾಕುವುದೋ ಬೇಡವೋ ಎಂದು ಮೇಷ್ಟ್ರು ಹಿಂದೆಮುಂದೆ ನೋಡಿದರು. ಡಾಕ್ಟರು, "ಹಾಕಿ, ದೊಡ್ಡದಾಗಿ ಹಾಕಿ," ಎಂದರು. ಪರಿಶೀಲನೆ ಮಾಡಿದವರೊಬ್ಬರು, ನಡುಕವಿಲ್ಲದ ಆಪರೇಟರನ್ನು ಏಕೆ ಆರಿಸಲಿಲ್ಲ ಎಂದು ಕೇಳಿ ಕಳಿಸಿದ್ದರು. ಉತ್ತರವನ್ನು ನಾವು ಮೂವರು ಸೇರಿ ಬರೆದು, ಹೊಡೆದು ಹಾಕಿ, ಮತ್ತೆ ಬರೆದು ಸುಸ್ತಾದೆವು. ಡಾಕ್ಟರು ಬಂದು ಒಂದೇ ಸಾಲಿನಲ್ಲಿ ಹೇಳಿದರು: ಕುಟುಕಿ ನೋಡಬೇಕೆಂದು ಹೊಳೆದದ್ದು ಈ ಆಪರೇಟರಿಗೆ. ಅದೇ ಹೋಯಿತು. ಪ್ರಬಂಧ ಅಚ್ಚಾಯಿತು.

ಹಿಡಿಕೆಗೆ ಚಿಕ್ಕವರು ಬಂದರು. ಡಾಕ್ಟರ ಜಾಗಕ್ಕಲ್ಲ, ಅವರ ಬೆನ್ನ ಹಿಂದೆ ನಿಂತು ಕಲಿಯುವುದಕ್ಕೆ. ಕಳಿಸಿದವರು ಮುಖ್ಯಸ್ಥರೇ. ಮೊದಲ ದಿನ ಆ ಮಕ್ಕಳು ಪರದೆಯ ಮೇಲೆ ಹಸಿರು ಹಲ್ಲುಗಳನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೊತ್ತಿಗೆ ಸಮುದ್ರದಾಚೆ ಒಬ್ಬ ಮುದುಕಿಯ ಭುಜದ ಮೇಲೆ ತೋಳು ಇಳಿಯುತ್ತಿತ್ತು. ಡಾಕ್ಟರು ಪೆಡಲನ್ನು ಒತ್ತದೆ, ಕನ್ನಡಕವನ್ನು ಹಣೆಗೇರಿಸಿ, ಬೆರಳಿನಿಂದ ಗೆರೆಯನ್ನು ಮುಟ್ಟಿ ತೋರಿಸಿದರು.

"ಎಲ್ಲರೂ ಸರಿಯಾಗಿ ನೋಡ್ಕೊಳ್ಳಿ. ಈ ಅಲೆ ನನ್ನದು. ಇದನ್ನ ಕಳೆದು ಉಳಿದಿದ್ದು ರೋಗೀದು. ಮೊದಲು ನನ್ನದು ಯಾವುದು ಅಂತ ಗೊತ್ತಿದ್ರೆ ಅವರದ್ದು ತಪ್ಪಿಹೋಗೋದಿಲ್ಲ."

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ನಮ್ಮ ಕೈ ನಡುಗೋದಿಲ್ವಲ್ಲ ಮೇಡಂ?" ಎಂದಳು.

"ಹಿಡಿ ನೋಡೋಣ," ಎಂದು ಡಾಕ್ಟರು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟರು. ಅವಳು ಕೂತು ಹಿಡಿಕೆ ಹಿಡಿದಳು. ಅದೇ ಪರದೆಯ ಮೇಲೆ, ಅದೇ ಹಸಿರಿನಲ್ಲಿ, ಬಹಳ ಸಣ್ಣಗೆ, ಅವಳದೂ ಒಂದು ಅಲೆ ಎದ್ದಿತು. ದೊಡ್ಡ ಡಾಕ್ಟರು ಅವಳ ಮೊಣಕೈ ಕೆಳಗೆ ದಿಂಬು ಸರಿಸಿದರು.